ಒಂಬತ್ತು ಸಾಲು ನೀರು

ಬಾಯಾರಿದವರಿಗೆ ನೀರು ಕೊಟ್ಟು ಬೈಸಿಕೊಂಡವನು ಈ ಸೀಮೆಯಲ್ಲಿ ಯಾರಾದರೂ ಇದ್ದರೆ ಅದು ನಾನೇ. ಬೈಸಿಕೊಂಡದ್ದಷ್ಟೇ ಅಲ್ಲ, ‘ಹೌದು, ನೀರು ಕೊಟ್ಟದ್ದು ನನ್ನ ತಪ್ಪು’ ಎಂದು ಇಬ್ಬರ ಮುಂದೆ ಬಾಯಿಬಿಟ್ಟು ಒಪ್ಪಿಕೊಂಡೂ ಬಂದಿದ್ದೇನೆ. ಇಷ್ಟು ಕೇಳಿದ್ದಕ್ಕೇ ನೀವು ನನ್ನ ಪರ ವಹಿಸಿಕೊಂಡು ‘ಅಯ್ಯೋ ಪಾಪ, ಪುಣ್ಯದ ಕೆಲಸ ಮಾಡಿದ್ದಾರಲ್ಲ’ ಎಂದುಕೊಳ್ಳುತ್ತಿದ್ದರೆ ಸ್ವಲ್ಪ ತಡೆಯಿರಿ. ನಾನು ನೀರು ಕೊಟ್ಟದ್ದು ದ್ರಾಕ್ಷಿ ಬಳ್ಳಿಗೆ. ಅದೂ ತಿನ್ನುವ ದ್ರಾಕ್ಷಿಯಲ್ಲ, ಕೆಂಪು ವೈನ್ ಮಾಡುವ ದ್ರಾಕ್ಷಿ. ಅದೂ ಕೊಯ್ಲಿಗೆ ಎರಡು ವಾರ ಇರುವಾಗ. ವಿಷಯ ಬಲ್ಲವರು ಈಗ ಹಣೆ ಚಚ್ಚಿಕೊಂಡಿರುತ್ತಾರೆ. ಅರಿಯದವರು ಅವತ್ತಿನ ನನ್ನ ಹಾಗೆಯೇ ಪಿಳಿಪಿಳಿ ಕಣ್ಣು ಬಿಡುತ್ತಿರುತ್ತಾರೆ.

ನನ್ನ ಕಸುಬು ಹೇಳಿಬಿಟ್ಟರೆ ಸಂಕಟ ಅರ್ಧ ಅರ್ಥವಾಗುತ್ತದೆ. ನಾನು ನಾಲೆಯ ಮನುಷ್ಯ. ನೀರುಗಂಟಿಯಾಗಿ ಕೆಲಸಕ್ಕೆ ಸೇರಿ, ತೂಬು ಎತ್ತಿ ಇಳಿಸಿ, ಕೊನೆಗೆ ಮೇಲ್ವಿಚಾರಕನಾಗಿ ಟಿ. ನರಸೀಪುರದಲ್ಲಿ ನಿವೃತ್ತನಾದೆ. ಮೂವತ್ತೊಂದು ವರ್ಷ ಕಂಡದ್ದು ಒಂದೇ ದೃಶ್ಯ. ನಾಲೆಯ ತಲೆಭಾಗದವರು ಮೊಣಕಾಲುದ್ದ ನೀರಲ್ಲಿ ಎಮ್ಮೆ ತೊಳೆಯುತ್ತಿರುತ್ತಾರೆ. ಕೊನೆಭಾಗದವರು ಒಣಗಿದ ಪೈರನ್ನು ಬೇರುಸಹಿತ ಕಿತ್ತು ತಂದು ನನ್ನ ಮೇಜಿನ ಮೇಲೆ ಇಟ್ಟು, ‘ತಗಳಿ ಸಾ, ಇದ ನೀವೇ ಉಣ್ಣಿ’ ಎನ್ನುತ್ತಾರೆ. ಹೀಗಾಗಿ ಬಾಡಿದ ಎಲೆ ಕಂಡರೆ ನನ್ನ ಕೈ ತಾನಾಗಿ ತೂಬಿನ ಕಡೆಗೆ ಹೋಗುತ್ತದೆ. ಒಂದು ಸಲ ಮದುವೆ ಮನೆಯ ಬಾಗಿಲಲ್ಲಿ ಕಟ್ಟಿದ್ದ ಬಾಳೆಕಂಬ ಬಾಡಿದ್ದು ನೋಡಲಾರದೆ ಅದರ ಬುಡಕ್ಕೆ ಒಂದು ಚೊಂಬು ನೀರು ಹುಯ್ದಿದ್ದೆ. ‘ಕಡ್ದಾಕಿರೋ ಕಂಬಕ್ಕೆ ನೀರುಯ್ದ್ರಲ್ಲ, ನಿಮ್ಗೆ ಏನಂತ ಹೇಳದು’ ಎಂದು ನನ್ನ ಹೆಂಡತಿ ನಾಗರತ್ನ ಇಡೀ ಪಂಕ್ತಿಗೆ ಕೇಳುವ ಹಾಗೆ ಅಂದಿದ್ದಳು.

ಇಂಥವನ ಪಾಲಿಗೆ ವೈನ್ ದ್ರಾಕ್ಷಿ ಬಂದದ್ದು ಭಾಗ್ಯಳಿಂದ. ಭಾಗ್ಯ ನನ್ನ ಅಕ್ಕನ ಮಗಳು, ಕವಲಂದೆಗೆ ಕೊಟ್ಟಿದೆ. ಅಲ್ಲಿ ಅವಳ ಮನೆಯವರದು ಮೂರು ಎಕರೆ ಕೆಂಪು ಗರಸು ನೆಲ. ಹುರುಳಿ ಚೆಲ್ಲಿದರೆ ಹುರುಳಿಯೇ ಎರಡು ಸಲ ಯೋಚನೆ ಮಾಡಿ ಮೊಳೆಯಬೇಕು, ಅಂಥ ನೆಲ. ಗಂಡಿನ ಮನೆ ನೋಡಲು ಹೋದಾಗ ‘ಇಲ್ಲಿಗೆ ಹೆಣ್ಣು ಕೊಟ್ಟರೆ ಕಲ್ಲು ಬೇಯಿಸಿ ತಿನ್ನಬೇಕಾಗುತ್ತದೆ’ ಎಂದವನು ನಾನೇ. ಭಾಗ್ಯ ಆ ಮಾತನ್ನು ಮರೆತಿಲ್ಲ. ಅದೇ ಕಲ್ಲಿನಲ್ಲಿ ಕ್ಯಾಬರ್ನೆ ಎಂಬ ಸೀಮೆ ದ್ರಾಕ್ಷಿ ಬೆಳೆದು ನಂಜನಗೂಡು ರಸ್ತೆಯ ಒಂದು ಪುಟ್ಟ ವೈನ್ ಕಾರ್ಖಾನೆಗೆ ಕೊಡುತ್ತಿದ್ದಾಳೆ. ವೈನ್ ದ್ರಾಕ್ಷಿಗೆ ಕಲ್ಲು ನೆಲವೇ ಶ್ರೇಷ್ಠ, ಬೇರು ನೀರು ಹುಡುಕಿಕೊಂಡು ಆಳಕ್ಕೆ ಇಳಿದಷ್ಟೂ ಹಣ್ಣಿಗೆ ಸತ್ವ ಎಂದು ಅವಳು ಮೊದಲ ಸಲ ಹೇಳಿದಾಗ ನಾನು ನಕ್ಕುಬಿಟ್ಟೆ. ಆಮೇಲೆ ಅದು ನಿಜವೆಂದು ತಿಳಿಯಿತು. ಹಾಗಿದ್ದರೆ ನಮ್ಮ ಕಡೆಯವರು ಒಳ್ಳೆಯ ನೆಲಕ್ಕೆಂದು ತಲೆ ಒಡೆದುಕೊಂಡದ್ದೆಲ್ಲ ಯಾವ ಸೌಭಾಗ್ಯಕ್ಕೆ?

ನನ್ನದು ಸೋಸಲೆಯಲ್ಲಿ, ಹೊಳೆಯ ದಂಡೆಗೆ ಹತ್ತಿದಂತೆ ಒಂದೂವರೆ ಎಕರೆ. ಕೈಯಲ್ಲಿ ಹಿಡಿದರೆ ಬೆಣ್ಣೆಯ ಹಾಗೆ ಜಾರುವ ಮೆಕ್ಕಲು ಮಣ್ಣು. ಊರುಗೋಲು ಚುಚ್ಚಿಟ್ಟು ಮರೆತು ಬಂದರೆ ಮಾರನೆಯ ವಾರ ಚಿಗುರಿರುತ್ತದೆ ಎಂದು ಅಪ್ಪ ಹೇಳುತ್ತಿದ್ದರು. ಐದು ವರ್ಷದ ಹಿಂದೆ ಭಾಗ್ಯ ಬಂದು ಅದೇ ಮಣ್ಣಿನಲ್ಲಿ ಕೂತು, ಒಂದು ಹಿಡಿ ಎತ್ತಿ ಮೂಸಿ, ‘ಮಾವ, ಇಲ್ಲಿ ಶಿರಾಜ್ ಆಕಣ’ ಎಂದಳು.

‘ಏನದು ಶಿರಾಜು? ಊಟಕ್ಕೊ, ದನಕ್ಕೊ?’ ಎಂದೆ.

‘ಅದೂ ವೈನ್ ದ್ರಾಕ್ಷಿಯೇ ಕಣ್ ಮಾವ. ನನ್ ಕವಲಂದೇದು ಒಂದೇ ಆದ್ರೆ ಕುಡ್ದೋರ ಮುಖ ನೋಡಕಾಗಕಿಲ್ಲ. ಬರೀ ಒಗರು, ಬರೀ ಬಿಗಿ. ಅದ್ಕೆ ಮೆತ್ತಗಿರೋದು ಒಂದು ಜೊತೆಯಾಗ್ಬೇಕು. ಈಗ ಆ ಕಾರ್ಖಾನೆ ನಂಜುಂಡ ಎಲ್ಲಿಂದ್ಲೋ ಲಾರೀಲಿ ಹಣ್ ತರಿಸ್ಕಂಡು ಬೆರೆಸ್ತಾನೆ. ಯಾಕ್ ಬೇಕು? ನಮ್ದೇ ಎರಡು ನೆಲ ಒಂದ್ ಬಾಟ್ಲೀಲಿ ಸೇರ್ಲಿ ಅಂತ ನನ್ಗೆ ಆಸೆ.’

ಆಸೆ ಎಂದು ಅವಳು ಅಂದದ್ದು ಕೇಳಿ ನನಗೆ ಇಲ್ಲವೆನ್ನಲಾಗಲಿಲ್ಲ. ನಮ್ಮದು ಕೆಮ್ಮಿನ ಔಷಧಿಯ ಬಾಟಲಿಯನ್ನೂ ಅನುಮಾನದಿಂದ ನೋಡುವ ಮನೆ. ನಾಗರತ್ನ ಕೆನ್ನೆ ಕೆನ್ನೆ ಬಡಿದುಕೊಂಡು, ‘ನಿಮ್ಮಪ್ಪ ಗದ್ದೆ ಬುಟ್ಟೋಗಿದ್ದು ಬತ್ತ ಬೆಳೀಲಿ ಅಂತ, ಬಾರ್ ಮಡೀಕಳ್ಳಿ ಅಂತಲ್ಲ’ ಎಂದಳು. ಮೂರು ದಿನ ನನ್ನ ಕೂಡ ಮಾತಿಲ್ಲ. ನಾಲ್ಕನೆಯ ದಿನ ಸಸಿ ಬಂದವು.

ಈ ನಂಜುಂಡನ ವಿಷಯ ಹೇಳದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ಅವನೇ ಆ ಪುಟ್ಟ ಕಾರ್ಖಾನೆಯ ಯಜಮಾನ. ಊರು ಬದನವಾಳು. ತಾಯಿ ಅಲ್ಲಿನ ಖಾದಿ ಕೇಂದ್ರದಲ್ಲಿ ನೂಲು ತೆಗೆದು, ಮಗ್ಗದಲ್ಲಿ ಕೂತು ಮಗನನ್ನು ಓದಿಸಿದವರು. ಮಗ ಉತ್ತರದ ಕಡೆ ವೈನ್ ತೋಟಗಳಲ್ಲಿ ಇಪ್ಪತ್ತು ವರ್ಷ ದುಡಿದು ಊರಿಗೆ ಬಂದು ಇದನ್ನು ಹಾಕಿದ. ಚರಕದ ಊರಿನವನು, ವಿಷ ಕುಡಿದ ದೇವರ ಹೆಸರಿನವನು, ಮಾಡುವುದು ವೈನು! ಮೊದಲ ಸಲ ಕೇಳಿದಾಗ ಯಾವನೋ ಪುಂಡನಿರಬೇಕು ಎಂದುಕೊಂಡೆ. ಮುಖ ನೋಡಿದರೆ ಮಾತ್ರ ತಾಲ್ಲೂಕು ಆಫೀಸಿನ ಗುಮಾಸ್ತನ ಹಾಗಿದ್ದ. ಖಾದಿ ಅಂಗಿ, ಜೇಬಿಗೆ ಎರಡು ಪೆನ್ನು. ಭಾಗ್ಯಳಿಗೆ ಅವನು ಹಾಕಿದ ಷರತ್ತು ಒಂದೇ. ಸೋಸಲೆಯ ಮೊದಲ ಪೂರಾ ಫಸಲನ್ನು ಒಂದು ವರ್ಷ ನೋಡುತ್ತೇನೆ. ಕವಲಂದೆಯ ಜೊತೆಗೆ ಅದು ಕೂಡಿಬಂದರೆ ಸರಿ. ಬರದಿದ್ದರೆ ಮುಂದೆ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಳ್ಳದಿದ್ದರೆ ಬಳ್ಳಿ ಕೀಳುವುದೊಂದೇ ದಾರಿ, ಏಕೆಂದರೆ ಆ ಹಣ್ಣನ್ನು ಸಂತೆಯಲ್ಲಿ ಯಾರೂ ಕೊಳ್ಳುವುದಿಲ್ಲ. ಬಟಾಣಿಯಷ್ಟು ಕಾಯಿ, ಅದರಲ್ಲಿ ಮುಕ್ಕಾಲು ಸಿಪ್ಪೆ ಮತ್ತು ಬೀಜ. ನಾಲ್ಕು ತಿಂದರೆ ನಾಲಿಗೆ ರಜ ಕೇಳುತ್ತದೆ.

ನಿಜ ಹೇಳಬೇಕೆಂದರೆ, ನೆಲಕ್ಕೆ ತಕ್ಕ ರುಚಿ ಎನ್ನುವುದು ನಮ್ಮ ಕಡೆಯವರಿಗೆ ಹೊಸದಾಗಿ ಯಾರೂ ಕಲಿಸಬೇಕಾಗಿಲ್ಲ. ನಂಜನಗೂಡಿನ ರಸಬಾಳೆ ನಂಜನಗೂಡಿನ ಮಣ್ಣು ಬಿಟ್ಟು ಹೊರಗೆ ಹೋದರೆ ಹೆಸರು ಮಾತ್ರ ಉಳಿಸಿಕೊಂಡು ರಸವನ್ನು ಅಲ್ಲೇ ಬಿಟ್ಟುಹೋಗುತ್ತದೆ ಎಂಬುದು ಇಲ್ಲಿ ಮಕ್ಕಳಿಗೂ ಗೊತ್ತು. ಆದರೆ ಬಾಳೆ ನಮ್ಮ ಹಾಗೆ. ಗೊಬ್ಬರ ಹಾಕು, ನೀರು ಹಾಕು, ತಲೆ ಸವರು, ಚೆನ್ನಾಗಿ ಬೆಳೆಯುತ್ತದೆ. ಈ ವೈನ್ ದ್ರಾಕ್ಷಿಯ ನ್ಯಾಯವೇ ಬೇರೆ. ಅದನ್ನು ಮುದ್ದು ಮಾಡಿದರೆ ಕೆಡುತ್ತದೆ, ಗೋಳು ಹುಯ್ದುಕೊಂಡರೆ ಒಳ್ಳೆಯ ಹಣ್ಣು ಬಿಡುತ್ತದೆ. ಇದು ಯಾವ ದೇವರು ಮಾಡಿದ ಕಾನೂನು?

ಗೊಂಚಲು ಇನ್ನೂ ಹಸಿರಾಗಿದ್ದಾಗ ಒಂದು ದಿನ ಹೋಗಿ ನೋಡುತ್ತೇನೆ, ಭಾಗ್ಯ ಕತ್ತರಿ ಹಿಡಿದು ಒಂದು ಬಿಟ್ಟು ಒಂದು ಗೊಂಚಲನ್ನು ಕಚಕ್ ಕಚಕ್ ಎಂದು ಕತ್ತರಿಸಿ ನೆಲಕ್ಕೆ ಹಾಕುತ್ತಿದ್ದಾಳೆ. ನಾನು ‘ಲೇ ಲೇ ಲೇ!’ ಎಂದು ಕೂಗಿಕೊಂಡು ಓಡಿದೆ. ಕೈ ಹಿಡಿದುಕೊಂಡೆ. ಬಿಟ್ಟ ಫಸಲನ್ನು ಕೈಯಾರೆ ಕತ್ತರಿಸಿ ಮಣ್ಣಿಗೆ ಹಾಕುವುದನ್ನು ಈ ಜನ್ಮದಲ್ಲಿ ನೋಡಿರಲಿಲ್ಲ. ‘ಎಲ್ಲಾನೂ ಬುಟ್ರೆ ಎಲ್ಲಾನೂ ಸಪ್ಪೆಯಾಯ್ತವೆ ಮಾವ. ಅರ್ಧ ತೆಗುದ್ರೆ ಉಳ್ದ ಅರ್ಧಕ್ಕೆ ರುಚಿ’ ಎಂದಳು, ನಿರ್ದಯಿ. ಅವಳು ಅತ್ತ ಹೋದಮೇಲೆ ಬಿದ್ದದ್ದನ್ನೆಲ್ಲ ಟವಲ್ಲಿನಲ್ಲಿ ಕಟ್ಟಿಕೊಂಡು ಮನೆಗೆ ತಂದೆ. ನಾಗರತ್ನ ಅದಕ್ಕೆ ಬೆಲ್ಲ, ಒಣಮೆಣಸಿನಕಾಯಿ ಹಾಕಿ ಗೊಜ್ಜು ಮಾಡಿದಳು. ಒಂದು ವಾರ ಮೂರು ಹೊತ್ತೂ ಅದೇ. ಹಲ್ಲು ಜುಮ್ಮೆನ್ನುತ್ತಿದ್ದರೂ ಫಸಲು ವ್ಯರ್ಥವಾಗಲಿಲ್ಲವೆಂಬ ತೃಪ್ತಿಯಲ್ಲಿ ತಿಂದೆ.

ಇನ್ನು ನೀರಿನ ವಿಷಯ. ಕಾಯಿ ಬಣ್ಣ ತಿರುಗಿದ ಮೇಲೆ ನೀರು ಕಟ್ಟಬೇಕು. ಕಟ್ಟುವುದು ಎಂದರೆ ಗದ್ದೆಗೆ ಕಟ್ಟಿದ ಹಾಗಲ್ಲ, ನಿಲ್ಲಿಸಿಬಿಡುವುದು. ಕವಲಂದೆಯಲ್ಲಿ ಅದು ಸುಲಭ. ಅಲ್ಲಿ ಇದ್ದರಲ್ಲವೆ ಕೊಡುವುದು? ಸೋಸಲೆಯಲ್ಲಿ ಎದುರಿಗೇ ಕಾವೇರಿ ಹರಿಯುತ್ತಿರುತ್ತಾಳೆ, ಬಳ್ಳಿ ಮಾತ್ರ ಒಣಗಬೇಕು. ಶಿವರಾತ್ರಿ ಹಿಂದುಮುಂದು ಬಿಸಿಲು ಏರಿತು. ಅದೇ ಹೊತ್ತಿಗೆ ಭಾಗ್ಯಳ ಮಗಳಿಗೆ ಚಾಮರಾಜನಗರದಲ್ಲಿ ಹೆರಿಗೆ. ಹತ್ತು ದಿನ ಹೋಗಲೇಬೇಕು. ಕವಲಂದೆಯದನ್ನು ಗಂಡನಿಗೆ ಒಪ್ಪಿಸಿ, ಸೋಸಲೆಯ ಪಂಪ್‌ಹೌಸಿನ ಕೀಲಿಕೈಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು.

‘ಮಾವ, ಎಲೆ ಬಾಡ್ತವೆ. ನೋಡಕ್ಕೆ ಕರುಳು ಚುರ್ ಅಂತದೆ. ನೀರ್ ಮಾತ್ರ ಬುಡ್ಬೇಡ. ನಿನ್ ಕಾಲ್ ಹಿಡ್ಕಂತೀನಿ.’

‘ಹುಚ್ಚುಮುಂಡೇದೆ, ನನ್ನನ್ನ ಏನಂದ್ಕೊಂಡಿದ್ದೀಯ’ ಎಂದೆ.

ಮೂರು ದಿನ ತಡೆದುಕೊಂಡೆ. ಎಲೆಗಳು ಅಂಚು ಮಡಿಸಿಕೊಂಡು ಇಳಿಬಿದ್ದವು. ನಾಲ್ಕನೆಯ ದಿನ ಹೋದಾಗ ಕೊನೆಯ ಸಾಲುಗಳಲ್ಲಿ ಬುಡದ ಎಲೆ ಹಳದಿಯಾಗಿ ಉದುರಿದ್ದು ಕಂಡಿತು. ನನಗೆ ನನ್ನ ಹಳೆಯ ಮೇಜು, ಅದರ ಮೇಲೆ ಬೇರುಸಹಿತ ಬಿದ್ದ ಪೈರು, ಅದನ್ನು ತಂದವರ ಮುಖ ಎಲ್ಲ ಎದ್ದು ಬಂತು. ಬೀಗ ತೆಗೆದೆ. ಮೋಟಾರ್ ಹಾಕಿದೆ. ಭಾಗ್ಯ ಹಾಕಿಸಿದ್ದ ಹನಿ ನೀರಾವರಿಯ ಸಪೂರ ಪೈಪು ನೋಡಿ, ಕಣ್ಣಿಗೆ ಔಷಧಿ ಬಿಟ್ಟ ಹಾಗೆ ಇದೇನು ಲೆಕ್ಕ ಎಂದು ಅದನ್ನು ಬದಿಗೆ ಸರಿಸಿ, ಗುದ್ದಲಿಯಿಂದ ಸಾಲಿಗೆ ಬಾಯಿ ಮಾಡಿ ಧಾರಾಳವಾಗಿ ಹರಿಸಿದೆ. ಎಲ್ಲಿಂದ ಶುರು ಮಾಡಿದೆ ಗೊತ್ತೆ? ಕೊನೆಯ ಸಾಲಿನಿಂದ. ಜೀವಮಾನವೆಲ್ಲ ಕೊನೆಭಾಗದವರಿಗೆ ಅನ್ಯಾಯವಾಗಿದೆ, ಇಲ್ಲಾದರೂ ಅವರಿಗೆ ಮೊದಲು ಸಿಗಲಿ ಎಂದು! ಇಪ್ಪತ್ತೆರಡು ಸಾಲಿನಲ್ಲಿ ಒಂಬತ್ತು ಸಾಲು ತುಂಬುವ ಹೊತ್ತಿಗೆ ಕರೆಂಟು ಹೋಯಿತು. ಟ್ರಾನ್ಸ್‌ಫಾರ್ಮರೇ ಸುಟ್ಟಿತ್ತಂತೆ, ಭಾಗ್ಯ ಬರುವವರೆಗೂ ರಿಪೇರಿಯಾಗಲಿಲ್ಲ. ಮನೆಗೆ ಬಂದು, ಹಳೆಯ ಅಭ್ಯಾಸದಂತೆ ಡೈರಿಯಲ್ಲಿ ಮೋಟಾರ್ ಹಾಕಿದ ಹೊತ್ತು, ನಿಂತ ಹೊತ್ತು, ನೀರು ಕಂಡ ಸಾಲು ಎಲ್ಲ ಬರೆದಿಟ್ಟೆ. ನೀರು ಬಿಟ್ಟು ಬರೆಯದವನು ಕಳ್ಳ ಎಂದು ನನಗೆ ಕೆಲಸ ಕಲಿಸಿದವರು ಹೇಳಿದ್ದರು. ಮಾರನೆಯ ದಿನ ಆ ಒಂಬತ್ತು ಸಾಲಿನ ಎಲೆಗಳು ತಲೆ ಎತ್ತಿ ನಿಂತಿದ್ದವು. ನನಗೋ ಸ್ವರ್ಗ ಸುಖ.

ಭಾಗ್ಯ ಮೊಮ್ಮಗನ ಮುಖ ನೋಡಿಕೊಂಡು ನಗುನಗುತ್ತಾ ಬಂದಳು. ಕೊಯ್ಲಿಗೆ ದಿನ ಗೊತ್ತು ಮಾಡಲು ನಂಜುಂಡನನ್ನೂ ಕರೆಸಿದ್ದಳು. ಹಣ್ಣಿನ ರಸದ ಒಂದು ಹನಿ ಹಾಕಿ ಸಕ್ಕರೆ ಎಷ್ಟಿದೆ ಎಂದು ಕಣ್ಣಿಟ್ಟು ನೋಡುವ ದುರ್ಬೀನಿನಂಥ ಒಂದು ಸಾಧನ ಇದೆ. ದಾರಿ ಇರುವುದು ಕೊನೆಯ ಸಾಲುಗಳ ಕಡೆ. ಇಬ್ಬರೂ ಅಲ್ಲೇ ನಾಲ್ಕಾರು ಬಳ್ಳಿಯ ಹಣ್ಣು ಹಿಂಡಿ ನೋಡಿದರು. ಭಾಗ್ಯ ಒಂದು ಸಲ ನೋಡಿದಳು. ಸೆರಗಿನಲ್ಲಿ ಗಾಜು ಒರೆಸಿ ಇನ್ನೊಂದು ಸಲ ನೋಡಿದಳು. ಅವಳ ಮುಖದ ನಗು ಇಳಿದುಹೋಯಿತು. ನೂರಕ್ಕೆ ಇಪ್ಪತ್ತನಾಲ್ಕು ಪಾಲು ಸಕ್ಕರೆ ಇರಬೇಕಾದ ಕಡೆ ಹದಿನೆಂಟು. ಹಣ್ಣು ಊದಿಕೊಂಡು ಗುಂಡಗಾಗಿದೆ, ಬಾಯಿಗೆ ಹಾಕಿದರೆ ನೀರು.

ನಂಜುಂಡ ಬುಡದ ಮಣ್ಣು ಒಂದು ಹಿಡಿ ಎತ್ತಿ ನೋಡಿ, ‘ಇದು ಬತ್ತದ ಮಣ್ಣು ಕಣಮ್ಮ. ಹೊಳೆ ಪಕ್ಕದಲ್ಲೇ ಅದೆ, ಬೇರು ತಾನಾಗೇ ನೀರ್ ಕುಡೀತದೆ. ನೀನ್ ಏನ್ ಮಾಡುದ್ರೂ ನಿಲ್ಸಕಾಗಕಿಲ್ಲ. ಮಣ್ಣೇ ಒಪ್ಪದಿಲ್ಲ ಅಂದ್ಮೇಲೆ...’ ಎಂದು ಕೈ ಕೊಡವಿದ.

‘ಕಿತ್ತಾಕ್ಬುಡನ ಮಾವ’ ಎಂದಳು ಭಾಗ್ಯ ನನ್ನ ಕಡೆ ತಿರುಗಿ. ‘ನಿನ್ ಗದ್ದೆಯ ನಾಲ್ಕು ವರ್ಷ ಸುಮ್ನೆ ಹಾಳ್ ಮಾಡ್ಬುಟ್ಟೆ. ನಿಂಗೆ ಬತ್ತನೇ ಸರಿ.’

ನನ್ನ ತಲೆಯ ಮೇಲೆ ಸಿಡಿಲು ಬಡಿಯಿತು. ನಾನು ಬಿಟ್ಟ ಮೂರು ಗಂಟೆಯ ನೀರು ಹೀಗೆ ಹಣ್ಣಿನೊಳಗೆ ಹೋಗಿ ಕೂತಿರುತ್ತದೆಂದು ನನಗೆ ಹೊಳೆದೇ ಇರಲಿಲ್ಲ. ಎಲೆ ನಗುತ್ತಿತ್ತು, ಅಷ್ಟೇ ನಾನು ನೋಡಿದ್ದು. ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಬಾಯಿ ಬರಲಿಲ್ಲ ಕಣ್ರೀ, ಅರವತ್ತಾರು ವರ್ಷದ ಮುದುಕನಿಗೆ, ಅಕ್ಕನ ಮಗಳ ಮುಂದೆ, ಭಯ! ತಲೆಯಾಡಿಸಿಕೊಂಡು ಮನೆಗೆ ಬಂದುಬಿಟ್ಟೆ.

ಊಟಕ್ಕೆ ಕೂತರೆ ಮುರಿದ ಮುದ್ದೆ ಮುರಿದ ಹಾಗೇ ತಟ್ಟೆಯಲ್ಲಿ ಉಳಿಯಿತು. ತಪ್ಪು ಮಾಡಿದವನು ನಾನು. ಕೆಟ್ಟ ಹೆಸರು ಬಂದದ್ದು ಮಣ್ಣಿಗೆ. ನನಗಾದರೆ ಬಾಯಿದೆ, ಸುಮ್ಮನಿದ್ದೇನೆ. ಅದಕ್ಕೆ ಬಾಯಿಲ್ಲ, ಸುಮ್ಮನಿದೆ. ಅಪ್ಪ ಕಾಲಿಗೆ ಮೆಟ್ಟು ಹಾಕದೆ ಇಳಿಯುತ್ತಿದ್ದ ನೆಲವನ್ನು ‘ಒಪ್ಪದ ಮಣ್ಣು’ ಎಂದು ನನ್ನ ಎದುರಿಗೇ ಅಂದರು, ನಾನು ಹೂಂ ಅಂದು ಬಂದೆ. ನಾಗರತ್ನ ತಟ್ಟೆ ನೋಡಿ, ‘ಏನ್ ಮಾಡ್ಕಂಡ್ ಬಂದ್ರಿ?’ ಎಂದಳು. ‘ಏನಾಯ್ತು’ ಎಂದು ಕೇಳಲಿಲ್ಲ ನೋಡಿ, ‘ಏನ್ ಮಾಡ್ಕಂಡ್ ಬಂದ್ರಿ’ ಎಂದೇ ಕೇಳಿದಳು. ಹೇಳಿದೆ. ಅವಳು ಒಂದು ನಿಮಿಷ ನನ್ನನ್ನೇ ನೋಡಿ, ‘ಬಾಳೆಕಂಬ’ ಎಂದಳು.

ಮರುದಿನ ಬೆಳಗಿನ ಮೊದಲ ಬಸ್ಸಿಗೆ, ಡೈರಿ ಕಂಕುಳಲ್ಲಿಟ್ಟುಕೊಂಡು ನಂಜುಂಡನ ಕಾರ್ಖಾನೆಗೆ ಹೋದೆ. ಕವಲಂದೆಯ ಹಣ್ಣು ಅವತ್ತೇ ಬಂದಿತ್ತು. ಭಾಗ್ಯ ಅಲ್ಲೇ ಇದ್ದಳು. ಇಬ್ಬರ ಮುಂದೆ ನಿಂತು, ‘ಮಣ್ಣಿನ ತಪ್ಪಲ್ಲ. ನೀರು ಬಿಟ್ಟದ್ದು ನಾನು’ ಎಂದು ಒಂದೇ ಉಸಿರಿಗೆ ಹೇಳಿ ಡೈರಿ ತೆರೆದು ಮುಂದಿಟ್ಟೆ.

ಬೈಗುಳ ಬರುತ್ತದೆಂದು ಕಣ್ಣು ಮುಚ್ಚಿದ್ದೆ. ನಂಜುಂಡ ಬೈದ. ‘ಏನ್ ಸಾ ನೀವು, ಓದಿದೋರಾಗಿ! ಗಿಡ ಕೂಲಿಯೋರ್ ತರ, ಬೆವರು ಸುರಿಸ್ಲಿ ಅಂತ ಬುಟ್ರೆ ಹಾಸಿಗೆ ಹಾಸ್ಕೊಟ್ಬುಟ್ರಲ್ಲ!’ ಎಂದು ಇನ್ನೂ ನಾಲ್ಕು ಮಾತು ಸೇರಿಸಿದ. ಭಾಗ್ಯ ಬೈಯಲಿಲ್ಲ. ಬಲಗೈ ಮುಂದೆ ಚಾಚಿದಳು. ಏನೆಂದು ಮೊದಲು ಗೊತ್ತಾಗಲಿಲ್ಲ. ಆಮೇಲೆ ಗೊತ್ತಾಯಿತು. ಜೇಬಿನಿಂದ ಕೀಲಿಕೈ ತೆಗೆದು ಅವಳ ಅಂಗೈಯಲ್ಲಿಟ್ಟೆ. ಅವಳು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಣ್ಣಿನ ಬುಟ್ಟಿಗಳ ಕಡೆ ತಿರುಗಿದಳು. ಬೈದಿದ್ದರೆ ಸಾವಿರ ಪಾಲು ಚೆನ್ನಾಗಿತ್ತು.

ಅಷ್ಟರಲ್ಲಿ ನಂಜುಂಡ ಡೈರಿಯ ಮೇಲೆ ಬೆರಳಿಟ್ಟು, ‘ಒಂಬತ್ತೇ ಸಾಲಾ?’ ಎಂದ. ‘ಅದೂ ಕೊನೇ ಕಡೆಯಿಂದ? ನಾವ್ ನೋಡಿದ್ದೂ ಕೊನೇ ಕಡೇದೇ ಅಲ್ವಾ?’ ಭಾಗ್ಯ ಗಕ್ಕನೆ ನಿಂತಳು. ಮೂವರೂ ಅವನ ಜೀಪಿನಲ್ಲಿ ಸೋಸಲೆಗೆ ಹೋದೆವು. ನೀರು ಕಾಣದ ಹದಿಮೂರು ಸಾಲುಗಳಲ್ಲಿ ಇನ್ನೂ ಬಾಡಿದ ಎಲೆ, ಬಟಾಣಿಯಷ್ಟೇ ಕಾಯಿ. ಹಿಂಡಿ ನೋಡಿದರೆ ಇಪ್ಪತ್ತನಾಲ್ಕಕ್ಕೆ ಒಂದು ಕೂದಲೆಳೆ ಕಡಿಮೆ. ಭಾಗ್ಯ ಬಳ್ಳಿಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಅತ್ತುಬಿಟ್ಟಳು. ನಾನು ಆ ಬಾಡಿದ ಎಲೆಗಳಿಗೆ ಮನಸ್ಸಿನಲ್ಲೇ ಕೈಮುಗಿದೆ. ಕರೆಂಟಿಗೂ ಮುಗಿದೆ, ಸುಳ್ಳೇಕೆ.

ಹದಿಮೂರು ಸಾಲಿನದು ಬೇರೆ, ಒಂಬತ್ತು ಸಾಲಿನದು ಬೇರೆ ಎಂದು ಕೊಯ್ಲಾಯಿತು. ಒಂಬತ್ತು ಸಾಲಿನದು ಕಾರ್ಖಾನೆಯ ಮೂಲೆಯ ಒಂದು ಡ್ರಮ್ಮಿಗೆ ಹೋಯಿತು. ಆಮೇಲೆ ಕಾರ್ಖಾನೆಯಲ್ಲಿ ನಾನು ಕಂಡದ್ದು ಇನ್ನೊಂದು ಸರಣಿ ಆಘಾತ. ಕಪ್ಪು ದ್ರಾಕ್ಷಿಯನ್ನು ಅಂಗೈಯಲ್ಲಿ ಹಿಂಡಿ ನಂಜುಂಡ ತೋರಿಸಿದ. ರಸ ಎಳನೀರಿನ ಹಾಗೆ ಬೆಳ್ಳಗಿದೆ! ಕೆಂಪು ಇರುವುದೆಲ್ಲ ಸಿಪ್ಪೆಯಲ್ಲಂತೆ. ಸಿಪ್ಪೆಯನ್ನು ರಸದಲ್ಲಿ ಎಷ್ಟು ದಿನ ನೆನೆಹಾಕುತ್ತೀಯೋ ಅಷ್ಟು ಬಣ್ಣ, ಅಷ್ಟು ಒಗರು. ಟೀ ಸೊಪ್ಪಿನ ಲೆಕ್ಕವೇ. ಬೇಗ ಸೋಸಿದರೆ ಬಿಳಿಚಿಕೊಂಡಿರುತ್ತದೆ, ಮರೆತು ಕೂತರೆ ನಾಲಿಗೆ ಸುಕ್ಕುಗಟ್ಟುತ್ತದೆ. ರಸ ಹುದುಗಿ ಬುಸುಬುಸು ಎನ್ನುವಾಗ ಸಿಪ್ಪೆಯೆಲ್ಲ ಮೇಲೆ ತೇಲಿ ಮುಚ್ಚಳದ ಹಾಗೆ ಕೂಡುತ್ತದೆ. ಅದನ್ನು ದಿನಕ್ಕೆ ಮೂರು ಸಲ ಮರದ ಕೋಲಿನಿಂದ ಒಳಗೆ ಒತ್ತಬೇಕು. ಪ್ರಾಯಶ್ಚಿತ್ತಕ್ಕೆಂದು ಆ ಕೆಲಸ ನಾನೇ ಕೇಳಿ ಪಡೆದೆ. ಬೆಳಗ್ಗೆ ಬಸ್ಸಿನಲ್ಲಿ ಹೋಗಿ, ಪಂಚೆ ಎತ್ತಿ ಕಟ್ಟಿ, ಒತ್ತಿದ್ದೇ ಒತ್ತಿದ್ದು. ಮೈಯೆಲ್ಲ ಹುಳಿ ವಾಸನೆ. ಬಸ್ಸಿನಲ್ಲಿ ಪಕ್ಕದವರು ಎದ್ದುಹೋಗಿ ನಿಂತುಕೊಳ್ಳುತ್ತಿದ್ದರು. ಒಂದು ಹನಿ ಮುಟ್ಟದೆ ಊರಿನ ಕುಡುಕನೆಂಬ ಬಿರುದು ಸಂಪಾದಿಸಿದೆ.

ಕವಲಂದೆಯದನ್ನು ಪ್ರತಿ ವರ್ಷ ಹದಿನಾಲ್ಕು ದಿನ ಸಿಪ್ಪೆಯಲ್ಲಿ ಇಡುತ್ತಿದ್ದ ನಂಜುಂಡ ಈ ಸಲ ಹತ್ತಕ್ಕೇ ತೆಗೆದ. ಸೋಸಲೆಯ ಮೆತ್ತನೆಯ ರಸ ಜೊತೆಗೆ ಬರುತ್ತದೆ, ಇದು ಅಷ್ಟೊಂದು ಗಡುಸಾಗುವುದು ಬೇಡ ಎಂದ. ಮರದ ಪೀಪಾಯಿಯಲ್ಲಿ ಇಡುವಾಗಲೂ ಹಳೆಯದನ್ನೇ ಆರಿಸಿದ. ಹೊಸ ಮರ ತನ್ನ ವಾಸನೆಯನ್ನೇ ಮುಂದೆ ಮಾಡುತ್ತದೆಯಂತೆ, ಹೊಸದಾಗಿ ಬಂದ ಅಧಿಕಾರಿಯ ಹಾಗೆ. ಸೋಸಲೆಯದಕ್ಕೆ ಮರವೂ ಇಲ್ಲ, ಬರೀ ಸ್ಟೀಲಿನ ತೊಟ್ಟಿ; ಅದರ ಕಂಪು ಅದಕ್ಕೇ ಇರಲಿ ಎಂದ. ಹೀಗೆ ಇಷ್ಟೇ ದಿನ, ಇದೇ ಪಾತ್ರೆ ಎಂದು ಒಂದೊಂದು ತೀರ್ಮಾನಕ್ಕೂ ಅವನು ಹಣೆ ಉಜ್ಜಿಕೊಳ್ಳುವುದನ್ನು ನೋಡಿ, ಇದ್ದಬದ್ದದ್ದನ್ನೆಲ್ಲ ಕೊಳೆಸಿ ಬಾಟಲಿಗೆ ತುಂಬುತ್ತಾರೆಂದು ನಂಬಿದ್ದ ನನಗೆ ನಾಚಿಕೆಯಾಯಿತು.

‘ಎರಡು ಬೇರೆ ಬೇರೆ ಮಾಡಿ ಆಮೇಲೆ ಬೆರೆಸೋದು ಕಲಬೆರಕೆ ಅಲ್ವೇನಯ್ಯ?’ ಎಂದು ಒಂದು ದಿನ ಕೇಳಿಬಿಟ್ಟೆ. ಅವನು ಸಿಟ್ಟಾಗಲಿಲ್ಲ. ಅಂಗಿಯ ತುದಿಯನ್ನು ಎಳೆದು ತೋರಿಸಿದ. ‘ನಮ್ಮವ್ವ ಮಗ್ಗದಲ್ಲಿ ಉದ್ದಕ್ಕೆ ಬಿಗಿ ನೂಲು ಆಕೋರು ಸಾ, ಅಡ್ಡಕ್ಕೆ ಮೆದು ನೂಲು. ಬರೀ ಬಿಗಿ ಆದ್ರೆ ಮೈ ತರೀತದೆ, ಬರೀ ಮೆದು ಆದ್ರೆ ಎರಡೇ ದಿನಕ್ಕೆ ಪಿಸೀತದೆ. ಅದ ಕಲಬೆರಕೆ ಬಟ್ಟೆ ಅಂತೀರಾ?’ ಉದ್ದದ ನೂಲು ಕವಲಂದೆ, ಅಡ್ಡದ ನೂಲು ಸೋಸಲೆ.

ಕಾರ್ತಿಕ ಮಾಸದಲ್ಲಿ ಒಂದು ಮಧ್ಯಾಹ್ನ ಬೆರೆಸುವ ಕೆಲಸ. ಅಳತೆಯ ಗಾಜಿನ ಕೊಳವೆಗಳನ್ನು ಸಾಲಾಗಿ ಇಟ್ಟುಕೊಂಡು ನಂಜುಂಡ ಹುಯ್ಯುತ್ತಾನೆ, ಮೂಸುತ್ತಾನೆ, ಉಗುಳುತ್ತಾನೆ, ಬರೆಯುತ್ತಾನೆ. ಕೊನೆಗೆ ಮೂರು ಲೋಟ ಉಳಿದವು. ‘ನೀವೂ ನೋಡಿ ಸಾ, ಉಗೀರಿ ಬೇಕಾದ್ರೆ’ ಎಂದ. ಭಾಗ್ಯ ಗೋಡೆಗೆ ಒರಗಿ ನಿಂತಿದ್ದಳು. ಆ ಎಂಟು ತಿಂಗಳಲ್ಲಿ ಅವಳು ನನ್ನ ಹತ್ತಿರ ಆಡಿದ ಮಾತನ್ನು ಬೆರಳಲ್ಲಿ ಎಣಿಸಬಹುದಿತ್ತು. ಅವಳ ಮುಖ ನೋಡಿ, ಸತ್ತ ಅಪ್ಪನನ್ನು ನೆನೆದು, ಕಣ್ಣು ಮುಚ್ಚಿ ಮೊದಲನೆಯದನ್ನು ಗುಟುಕರಿಸಿದೆ. ಹೀಚು ಸೀಬೆಕಾಯಿ ಅಗಿದ ಹಾಗೆ ನಾಲಿಗೆ ಹಲ್ಲಿಗೆ ಅಂಟಿತು. ಕವಲಂದೆ ಒಂದೇ, ನನಗೂ ಗೊತ್ತಾಯಿತು. ಎರಡನೆಯದು ದುಂಡಗಿತ್ತು, ಚೆನ್ನಾಗಿತ್ತು, ಆದರೆ ಊಟ ಮುಗಿದ ಮೇಲೂ ಎದ್ದುಹೋಗದ ಬೀಗರ ಹಾಗೆ ಬಾಯಲ್ಲೇ ಕೂತಿತು. ಮೂರನೆಯದು ಬಂತು, ಮಾತಾಡಿಸಿತು, ಹೊರಟಿತು. ಹೋದಮೇಲೆ ಇನ್ನೊಂದು ಸಲ ಬರಬಾರದೆ ಅನ್ನಿಸಿತು. ನಾನು ಮೂರನೆಯದನ್ನು ತೋರಿಸಿದೆ.

ನಂಜುಂಡ ನಕ್ಕ. ‘ಎರಡನೇದು ಕವಲಂದೆಗೆ ಹದಿಮೂರು ಸಾಲ್ದು ಸೇರ್ಸಿದ್ದು. ಇದ್ರಲ್ಲಿ ನಿಮ್ಮ ಒಂಬತ್ತು ಸಾಲ್ದೂ ಅದೆ ಸಾ. ನೂರಕ್ಕೆ ನಾಲ್ಕು ಪಾಲು. ಅದ್ರ ಹುಳಿ ಒಸಿ ಸೇರುದ್ಮೇಲೆ ಉಳಿದೆರಡಕ್ಕೂ ಉಸಿರಾಡಕ್ಕೆ ಆಯ್ತು.’

ನಮ್ಮ ನರಸೀಪುರದ ಸಂಗಮದಲ್ಲಿ ಕಾವೇರಿ, ಕಪಿಲೆ ಎರಡೂ ಕಣ್ಣಿಗೆ ಕಾಣುತ್ತವೆ, ಮೂರನೆಯದು ಗುಪ್ತಗಾಮಿನಿ ಎನ್ನುತ್ತಾರೆ. ನಾಲೆಯ ಇಲಾಖೆಯವನಾದ ನಾನು ಕಾಣದ ನೀರನ್ನು ಯಾವತ್ತೂ ನಂಬಿರಲಿಲ್ಲ. ‘ಹಾಗಾದರೆ...’ ಎಂದು ಬಾಯಿ ತೆರೆಯುವಷ್ಟರಲ್ಲಿ ನಂಜುಂಡ ಬೆರಳೆತ್ತಿದ. ‘ಅಂಗಂತ ನೀವ್ ಮಾಡಿದ್ದು ಸರಿ ಅಂತಲ್ಲ. ಆ ಡ್ರಮ್ಮಲ್ಲಿ ಉಳ್ದಿದ್ದೆಲ್ಲ ಹುಳಿ ನೀರಾಗಿ ಕೂತದೆ. ಮನೆಗ್ ತಕ್ಕಂಡೋಗಿ.’ ಐದು ಲೀಟರಿನ ಕ್ಯಾನು ಕೊಟ್ಟ. ನಾಗರತ್ನ ಈಗ ಅದರಲ್ಲಿ ಹಿತ್ತಾಳೆ ದೀಪ ತಿಕ್ಕಿ ಬೆಳಗುತ್ತಾಳೆ, ಹುಣಸೆಹಣ್ಣಿಗಿಂತ ವಾಸಿಯಂತೆ. ಮೂರನೆಯ ಲೋಟದ ಲೆಕ್ಕವೇ ಬಾಟಲಿಯ ಲೆಕ್ಕವಾಯಿತು. ಸೋಸಲೆಯ ಹಣ್ಣು ಮುಂದೆಯೂ ಬೇಕು ಎಂದು ನಂಜುಂಡ ಹೇಳಿದ. ಬಳ್ಳಿಗಳು ಉಳಿದವು. ಕೀಲಿಕೈ ಮಾತ್ರ ನನಗೆ ಬರಲಿಲ್ಲ. ಕೇಳುವ ಮುಖವೂ ನನಗಿರಲಿಲ್ಲ.

ಈ ಶಿವರಾತ್ರಿಗೆ ಅವಳ ಮೊಮ್ಮಗನಿಗೆ ಒಂದು ವರ್ಷ. ಚಾಮರಾಜನಗರಕ್ಕೆ ನಾಲ್ಕು ದಿನ ಹೋಗಬೇಕು. ಬಸ್ಸಿಗೆ ಹೊರಟವಳು ಸೋಸಲೆಯ ತೋಟಕ್ಕೆ ಬಂದಳು. ನಾನು ಬದುವಿನ ಮೇಲೆ ಕೂತಿದ್ದೆ. ಎಲೆಗಳು ಆಗಲೇ ಅಂಚು ಮಡಿಸತೊಡಗಿದ್ದವು. ಬಂದವಳು ಏನೂ ಹೇಳದೆ ಸೊಂಟದಿಂದ ಕೀಲಿಕೈ ತೆಗೆದು ನನ್ನ ಅಂಗೈಯಲ್ಲಿಟ್ಟು, ಹೋದ ವರ್ಷದ ಹಾಗೆಯೇ ಬೆರಳು ಮಡಿಸಿದಳು. ಈ ಸಲ ಕಾಲು ಹಿಡಿದುಕೊಳ್ಳುತ್ತೇನೆ ಎನ್ನಲಿಲ್ಲ. ನೀರು ಬಿಡಬೇಡ ಎಂದೂ ಅನ್ನಲಿಲ್ಲ. ‘ಬತ್ತೀನಿ ಮಾವ’ ಎಂದಳು, ಅಷ್ಟೇ. ಮೂವತ್ತೊಂದು ವರ್ಷ ತೂಬಿನ ಕೀಲಿ ನನ್ನ ಕೈಯಲ್ಲಿತ್ತು. ಅದು ಇಷ್ಟು ಭಾರ ಇರುತ್ತದೆಂದು ಗೊತ್ತಿರಲಿಲ್ಲ.

ಅವಳ ಬಸ್ಸು ಹೋಯಿತು. ಬಿಸಿಲು ನೆತ್ತಿಗೆ ಬಂತು. ಇಪ್ಪತ್ತೆರಡು ಸಾಲೂ ತಲೆ ಬಗ್ಗಿಸಿಕೊಂಡು ನನ್ನನ್ನೇ ನೋಡುತ್ತಿದ್ದವು. ಕೊನೆಯ ಒಂಬತ್ತಂತೂ ಹಳೆಯ ಪರಿಚಯದವರು, ಬಾಯಿಬಿಟ್ಟು ಕೇಳಿದಂತೆಯೇ ಇತ್ತು. ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಗಟ್ಟಿಯಾಗಿ ಕೂತೆ. ನನಗೂ ಬಾಯಾರಿತು. ಚೀಲದಿಂದ ನೀರಿನ ಬಾಟಲಿ ತೆಗೆದು ಮುಚ್ಚಳ ತಿರುಗಿಸಿದವನು, ಅವುಗಳ ಎದುರಿಗೆ ಕುಡಿಯಲು ಮನಸ್ಸಾಗದೆ, ಎದ್ದು ಹೊಳೆಯ ಕಡೆಗೆ ಮುಖ ತಿರುಗಿಸಿಕೊಂಡು ಕುಡಿದೆ.